ಒಂದು ದಿನದ ಗಂಟು

ಉಣ್ಣೆಯ ಕಾಲುಚೀಲಗಳನ್ನು ಮಧುಶ್ರೀ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಂಚದ ಮೇಲೆ ಅಂಗೈಯಿಂದ ಒತ್ತಿ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಳು. ಸ್ವೆಟರಿಗೆ ಇನ್ನೊಂದು ಕವರು. ಬದಲಿ ಬಟ್ಟೆಗೆ ಮತ್ತೊಂದು. ನೀಲಿ ಬ್ಯಾಗಿನ ತಳಕ್ಕೆ ಅವನ್ನು ಒಂದೊಂದಾಗಿ ಇಳಿಸುತ್ತಿದ್ದಾಗ ಬಾಗಿಲಲ್ಲಿ ಅತ್ತೆ ಮಹಾದೇವಮ್ಮ ಬಂದು ನಿಂತಳು.

"ಒಂದು ದಿನದ ದಾರಿಗೆ ಇಷ್ಟೊಂದು ಗಂಟೇನಮ್ಮಿ? ಬೆಳಿಗ್ಗೆ ಓಗಿ ಸಂಜ್ಗೆ ಬರೋರು ನಾವು. ದಿಬ್ಬಣ ಒಂಟಂಗಾಯ್ತು."

"ಮೇಲೆ ಚಳಿ ಅತ್ತೆ. ನೆಂದ್ರೆ ಬದಲಾಯಿಸ್ಕೊಳ್ಳಕ್ಕೆ ಬೇಕು."

"ಧನುರ್ಮಾಸ್ದಲ್ಲಿ ಯಾವ್ ಮಳೆ?"

ಮಧುಶ್ರೀ ಬೆಂಕಿಪೊಟ್ಟಣವನ್ನು ಕುಂಕುಮದ ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ತಿರುಗಿಸಿದಳು. ಈ ಕೆಲಸವನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಚಳಿಗಾಲ ಬಂತೆಂದರೆ ಗಂಡ ಬಸವೇಶ ಇದೇ ಮಂಚದ ಮೇಲೆ ಎಲ್ಲ ಹರಡಿಕೊಂಡು ಕೂರುತ್ತಿದ್ದ. ಬೆಟ್ಟಕ್ಕೆ ಹೋಗುವ ಹಿಂದಿನ ಸಂಜೆ ಅವನಿಗೆ ಮಾತು ಹೆಚ್ಚು. ಹತ್ತಿ ಬಟ್ಟೆ ಬೇಸಿಗೆಗೆ ಸರಿ, ಚಳಿಯಲ್ಲಿ ನೆಂದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಕತ್ತಲಾಗುವುದರೊಳಗೆ ಬಂದುಬಿಡುತ್ತೀವಿ ಅನ್ನುವವರಿಗೇ ಟಾರ್ಚು ಬೇಕಾಗುವುದು. ಚಳಿಯಲ್ಲಿ ಬಾಯಾರುವುದಿಲ್ಲ, ಅದಕ್ಕೇ ನೀರು ಕುಡಿಯುವುದನ್ನು ಮರೆಯುತ್ತಾರೆ. ಅವಳು ಮಂಚದ ತುದಿಯಲ್ಲಿ ಕೂತು ಫೋನ್ ನೋಡುತ್ತ, ಹೂಂ ಅನ್ನುತ್ತ, ಅರ್ಧ ಕಿವಿಯಲ್ಲಿ ಕೇಳಿದ್ದಳು. ಈಗ ಅವಳ ಕೈ ತಾನಾಗಿ ಅದನ್ನೆಲ್ಲ ಮಾಡುತ್ತಿತ್ತು. ಕೈ ಮಾಡುವುದನ್ನು ಅವಳು ನೋಡುತ್ತಿದ್ದಳು, ಅಷ್ಟೇ.

ಬಸವೇಶ ಸತ್ತದ್ದು ಬೆಟ್ಟದಲ್ಲಲ್ಲ. ಕಳೆದ ಶಿವರಾತ್ರಿ ಮುಗಿದ ಮೇಲೆ, ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ. ಮನೆಯ ರೇಷ್ಮೆಗೂಡು ಹಾಕಿಕೊಂಡು ಹೋದವನು, ಹರಾಜಿಗೆ ಮುಂಚೆ "ಒಂಚೂರು ಕೂತ್ಕೋತೀನಿ" ಎಂದು ಮೆಟ್ಟಿಲ ಮೇಲೆ ಕೂತ. ಪಕ್ಕದ ಊರಿನವನೊಬ್ಬ ಟೀ ತಂದುಕೊಡುವಷ್ಟರಲ್ಲಿ ಗೋಡೆಗೆ ಒರಗಿದ್ದ. ಹೃದಯ ಎಂದರು ಡಾಕ್ಟರು. ಮೂವತ್ತೆರಡು ವರ್ಷ. ವರ್ಷವರ್ಷ ಬೆಟ್ಟ ಹತ್ತುತ್ತಿದ್ದವನ ಹೃದಯ.

ಆವತ್ತಿನಿಂದ ಮಹಾದೇವಮ್ಮ ಊರೇ ಕೇಳುವಂತೆ ಅತ್ತಳು. ಮಧುಶ್ರೀ ಅಳಲಿಲ್ಲ. ತವರಿನಿಂದ ಬಂದ ಹೆಂಗಸರು "ಅವಳ್ನ ಅಳ್ಸಿ, ಒಳಗೇ ಇಟ್ಕಂಡ್ರೆ ಕೆಟ್ಟದಾಯ್ತದೆ" ಎಂದು ಸುತ್ತ ಕೂತು ಪ್ರಯತ್ನಪಟ್ಟರು. ಅವಳು ಅವರಿಗೆಲ್ಲ ಕಾಫಿ ಮಾಡಿಕೊಟ್ಟಳು. ತಿಂಗಳುಗಳು ಹೋದವು. ಯಾರು ಏನು ಹೇಳಿದರೂ "ಸರಿ" ಅನ್ನುವುದು ಅವಳಿಗೆ ಅಭ್ಯಾಸವಾಯಿತು. ಯಳಂದೂರಿನಿಂದ ಅಣ್ಣ ಮಲ್ಲಿಕಾರ್ಜುನಸ್ವಾಮಿ ಫೋನು ಮಾಡಿ, ಸಂಕ್ರಾಂತಿ ಕಳೆಯಲಿ, ಕಾರು ತರುತ್ತೀನಿ, ಬಂದುಬಿಡು ಎಂದ. ಸರಿ ಎಂದಳು. ಅದೇ ವಾರ ಮಹಾದೇವಮ್ಮ, "ನೀನೂ ಓಗ್ಬುಟ್ರೆ ಈ ಮನೇಲಿ ನಾವು ಯಾರ ಮುಖ ನೋಡನವ್ವ, ಇಲ್ಲೇ ಇದ್ಬುಡು" ಎಂದಳು. ಅದಕ್ಕೂ ಸರಿ ಎಂದಳು. ಎರಡೂ ಹೇಗೆ ಆಗುತ್ತದೆ ಎಂದು ಅವಳು ಯೋಚಿಸಲಿಲ್ಲ.

ಬೆಟ್ಟದ ಮಾತು ಎದ್ದದ್ದು ಜಗುಲಿಯಲ್ಲಿ ಅವರೆಕಾಯಿ ಬಿಡಿಸುವಾಗ.

"ಆ ತುಂಬೆಮಲೆ ಮ್ಯಾಲೆ ಏನದೆ ಅಂತ ನಾನು ನೋಡ್ಬೇಕು" ಎಂದು ಮಹಾದೇವಮ್ಮ ಇದ್ದಕ್ಕಿದ್ದಂತೆ ಹೇಳಿದಳು. "ಚಳಿ ಬಂತು ಅಂದ್ರೆ ಓಡೋಯ್ತಿದ್ದ. ಇಲ್ಲಿ ಉಳ್ಳಿ ಕುಯ್ಲು ಬಿದ್ದಿರದು. ಬೆಟ್ಟ ಅತ್ತಿ ಏನ್ ಕಡ್ದು ಕಟ್ಟೆ ಆಕ್ತೀಯ ಅಂತ ನಾನು ಬಯ್ಯವೆ. ಬಾರವ್ವ, ತೋರುಸ್ತೀನಿ ಅನ್ನವ್ನು. ಒಂದು ದಿನಾನೂ ಓಗ್ನಿಲ್ಲ." ಅವಳ ಕೈ ಸಿಪ್ಪೆಯ ರಾಶಿಯಲ್ಲಿ ನಿಂತುಹೋಯಿತು. "ಕರ್ಕಂಡೋಗು ನನ್ನ."

"ಸರಿ ಅತ್ತೆ" ಎಂದಳು ಮಧುಶ್ರೀ.

ಹನೂರಿನಲ್ಲಿದ್ದ ಬಸವೇಶನ ಗೆಳೆಯ ಶಿವರುದ್ರಸ್ವಾಮಿ ಅರಣ್ಯದವರಿಂದ ಅನುಮತಿ ಕೊಡಿಸಿದ. ಬೆಟ್ಟದ ಬುಡದ ಕಾರೆದೊಡ್ಡಿಯಲ್ಲಿ ಪ್ರತಿ ವರ್ಷ ಬಸವೇಶನಿಗೆ ದಾರಿ ತೋರಿಸುತ್ತಿದ್ದ ರಾಜಣ್ಣನಿಗೆ ಹೇಳಿದ. ತಾನೂ ಬರುತ್ತಿದ್ದೆ, ಕಾಲೇಜಿನಲ್ಲಿ ಪರೀಕ್ಷೆ ಇದೆ, ಮುಂದಿನ ವಾರಕ್ಕೆ ಹಾಕಿಕೊಂಡರೆ ಆಗುತ್ತಿತ್ತು ಎಂದ. ಮಹಾದೇವಮ್ಮ ಒಪ್ಪಲಿಲ್ಲ.

ಬ್ಯಾಗು ಕಟ್ಟಿ ಮುಗಿಯುವ ಹೊತ್ತಿಗೆ ಪಡಸಾಲೆಯಲ್ಲಿ ಟಿವಿಯ ಮುಂದೆ ಕೂತಿದ್ದ ಮಾವ ಕೆಂಪನಂಜಪ್ಪ, "ಮದ್ರಾಸ್ ಕಡೆ ಸಮುದ್ರದಲ್ಲಿ ಏನೋ ಎದ್ದದಂತೆ. ನಮ್ ಕಡೀಕೂ ಮೋಡ ಆಯ್ತದೆ ಅಂತವ್ರೆ" ಎಂದ. ಮಗ ಹೋದ ಮೇಲೆ ಅವನು ಆಡುವ ಮಾತುಗಳು ಹೆಚ್ಚಾಗಿ ಟಿವಿಯಲ್ಲಿ ಕೇಳಿದ ಮಾತುಗಳೇ ಆಗಿದ್ದವು.

"ಮೋಡ ತಾನೆ" ಎಂದಳು ಮಹಾದೇವಮ್ಮ.

ಬಸವೇಶನಾಗಿದ್ದರೆ ಹೋಗುತ್ತಿರಲಿಲ್ಲ. ಮಧುಶ್ರೀಗೆ ಅದು ಗೊತ್ತಿತ್ತು. ಬೆಟ್ಟ ಎಲ್ಲಿಗೂ ಹೋಗಲ್ಲ ಎಂದು ನಗುತ್ತ ಬ್ಯಾಗನ್ನು ಗೂಟಕ್ಕೆ ಹಾಕಿಬಿಡುತ್ತಿದ್ದ. ಈ ಯೋಚನೆ ಬಸ್ಸಿನ ಕಿಟಕಿಯಲ್ಲಿ ಕಂಡ ಯಾರದೋ ಮನೆಯ ಹಾಗೆ ಬಂದು ಹಿಂದಕ್ಕೆ ಹೋಯಿತು. ಅವಳು ಎರಡನೆಯ ಬ್ಯಾಗನ್ನು, ಚಿಕ್ಕದನ್ನು, ಅತ್ತೆಗಾಗಿ ಕಟ್ಟಲು ಕೂತಳು. ಸ್ವೆಟರ್, ಉಣ್ಣೆಯ ಶಾಲು, ಒಣಗಿದ ಸೀರೆ, ರೈನ್‌ಕೋಟು, ಒಂದು ಬಾಟಲಿ ನೀರು. ಅವರವರದು ಅವರವರ ಬೆನ್ನಿನ ಮೇಲೇ ಇರಬೇಕು ಎನ್ನುತ್ತಿದ್ದ ಅವನು.

"ಮಾವ, ನಾಳೆ ನಾಲ್ಕು ಗಂಟೆಗೆ ಫೋನ್ ಮಾಡ್ತೀನಿ. ಬರ್ಲಿಲ್ಲ ಅಂದ್ರೆ ಶಿವರುದ್ರಸ್ವಾಮಿಯವ್ರಿಗೆ ಹೇಳಿ."

ಕೆಂಪನಂಜಪ್ಪ ಟಿವಿಯಿಂದ ಕಣ್ಣು ತೆಗೆದು ಸೊಸೆಯನ್ನು ನೋಡಿದ. ಪ್ರತಿ ಸಲ ಮಗನೂ ಇದನ್ನೇ ಹೇಳಿ ಹೋಗುತ್ತಿದ್ದ. "ಊಂ" ಎಂದ.

*

ಬೆಳಿಗ್ಗೆ ಕಾಮಗೆರೆಯಲ್ಲಿ ಬಸ್ಸು ಹತ್ತುವಾಗ ಸೂರ್ಯ ಇರಲಿಲ್ಲ. ಹನೂರಿನಲ್ಲಿ ಇಳಿದು ಜೀಪು ಹಿಡಿಯುವಾಗಲೂ ಇರಲಿಲ್ಲ. ಬೂದಿ ಬಣ್ಣದ ಬೆಳಕೊಂದು ಎಲ್ಲ ಕಡೆಯಿಂದ ಒಂದೇ ಸಮ ಬರುತ್ತಿತ್ತು. ಮಹಾದೇವಮ್ಮ ಹಣೆಗೆ ಅಗಲವಾಗಿ ವಿಭೂತಿ ಬಳಿದುಕೊಂಡು, ಕೊಳ್ಳೇಗಾಲದಲ್ಲಿ ಕೊಂಡ ಕ್ಯಾನ್ವಾಸ್ ಷೂ ಹಾಕಿಕೊಂಡು, ಚಿಕ್ಕ ಬ್ಯಾಗನ್ನು ಬೆನ್ನಿಗೆ ಹಾಕದೆ ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದು ಕೂತಿದ್ದಳು. ಜೀಪು ಕುಲುಕಿದಾಗ ಎರಡೂ ಕೈಯಿಂದ ಒತ್ತಿಕೊಳ್ಳುತ್ತಿದ್ದಳು.

ಕಾರೆದೊಡ್ಡಿಯಲ್ಲಿ ರಾಜಣ್ಣ ಮಂಕಿ ಟೋಪಿ ಹಾಕಿ, ಕೈಯಲ್ಲಿ ಕತ್ತಿ ಹಿಡಿದು ಕಾಯುತ್ತಿದ್ದ. ನಲವತ್ತರ ಆಸುಪಾಸಿನ, ಸಲೀಸಾಗಿ ನಗುವ ಮನುಷ್ಯ. ಮಹಾದೇವಮ್ಮನನ್ನು ಕಂಡು ಕೈಮುಗಿದ.

"ಬಸವೇಸಣ್ಣನ ಅವ್ವಾರಾ? ನಿಮ್ಮಂಗೇ ಇದ್ರು ಬುಡಿ ಮುಖ."

"ಮೋಡ ಜಾಸ್ತಿ ಆಗಲ್ವಾ ರಾಜಣ್ಣ?" ಎಂದಳು ಮಧುಶ್ರೀ.

"ಏ, ಮಂಜು ಅಕ್ಕ ಅದು. ಒತ್ತು ಏರುದ್ರೆ ಓಯ್ತದೆ. ಬನ್ನಿ ಬನ್ನಿ."

ಮಹಾದೇವಮ್ಮ ಚೆನ್ನಾಗಿಯೇ ನಡೆದಳು. ಹೊಲದಲ್ಲಿ ಬೆಳೆದ ಕಾಲು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಬಿದಿರಿನ ನಡುವಿನ ದಾರಿಯಲ್ಲಿ ರಾಜಣ್ಣನ ಹಿಂದೆಯೇ ಇದ್ದಳು. ದಾರಿಯುದ್ದಕ್ಕೂ ಅವನನ್ನು ಕೇಳುತ್ತಿದ್ದಳು. ಇಲ್ಲಿ ನಿಲ್ತಿದ್ನಾ? ನೀರು ಎಲ್ಲಿ ಕುಡೀತಿದ್ದ? ನಿಂತಾವ ಏನ್ ಮಾತಾಡವ್ನು? ರಾಜಣ್ಣ ಗೊತ್ತಿದ್ದಕ್ಕೆಲ್ಲ ಉತ್ತರ ಕೊಟ್ಟ, ಗೊತ್ತಿಲ್ಲದ್ದಕ್ಕೂ ಕೊಟ್ಟ. ಹಳ್ಳದ ದಂಡೆಯಲ್ಲಿ ಒಂದು ಬಂಡೆ ತೋರಿಸಿ, ಷೂ ಬಿಚ್ಚಿ ಕಲ್ಲು ಕೊಡವಿಕೊಳ್ಳುತ್ತಿದ್ದದ್ದು ಇದರ ಮೇಲೆಯೇ ಎಂದ. ಮಹಾದೇವಮ್ಮ ಅದರ ಮೇಲೆ ಕೂತಳು. ಅಳುತ್ತಾಳೆಂದು ಮಧುಶ್ರೀ ಕಾದಳು. ಅತ್ತೆ ಅಳಲಿಲ್ಲ. ಕೂತ ಕಲ್ಲನ್ನು ಅಂಗೈಯಿಂದ ಒಂದು ಸಲ ಸವರಿ ಎದ್ದಳು.

ಹಳ್ಳ ದಾಟಿದ ಮೇಲೆ ಹನಿ ಶುರುವಾಯಿತು. ಅದನ್ನು ಮಳೆ ಎನ್ನುವಂತಿರಲಿಲ್ಲ. ಜರಡಿಯಲ್ಲಿ ಸೋಸಿದ ಹಾಗೆ, ಬಿದ್ದದ್ದು ತಿಳಿಯದೆ ಮೈಯೆಲ್ಲ ಒದ್ದೆಯಾಗುವ ಹನಿ.

"ರೈನ್‌ಕೋಟ್ ಹಾಕ್ಕೊಳ್ಳಿ ಅತ್ತೆ. ನಿಮ್ ಬ್ಯಾಗಲ್ಲೇ ಅದೆ."

"ಇರ್ಲಿ ಬುಡು. ಆಮೇಕೆ." ಮಹಾದೇವಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬ್ಯಾಗನ್ನು ಮುಂದಕ್ಕೆ ತಂದು ಸೆರಗಿನ ತುದಿಯಲ್ಲಿ ಅದನ್ನೂ ಮುಚ್ಚಿದಳು.

"ನೆನೀತೀರಿ."

"ಗದ್ದೇಲಿ ನೆಂದಿಲ್ವಾ ನಾನು? ನಡಿ."

"ಸರಿ" ಎಂದಳು ಮಧುಶ್ರೀ. ತನ್ನದನ್ನು ಹಾಕಿಕೊಂಡಳು.

ಕಾಡು ಮುಗಿದು ಹುಲ್ಲಿನ ಬೋಳು ಬಂದಾಗ ಗಾಳಿ ಸಿಕ್ಕಿತು. ಅಲ್ಲಿಯವರೆಗೆ ಮರಗಳು ತಡೆದಿದ್ದ ಗಾಳಿ, ಹನಿಯನ್ನು ಅಡ್ಡಕ್ಕೆ ಹೊಡೆಯುತ್ತ, ಇಳಿಜಾರಿನ ಉದ್ದಕ್ಕೂ ಹುಲ್ಲನ್ನು ಒರಗಿಸಿಕೊಂಡು ಬರುತ್ತಿತ್ತು. ಹತ್ತು ಮಾರು ಮುಂದೆ ಏನೂ ಕಾಣುತ್ತಿರಲಿಲ್ಲ. ರಾಜಣ್ಣನ ಬೆನ್ನು ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಮಧುಶ್ರೀ ಅತ್ತೆಯ ಹಿಂದೆ ನಡೆಯುತ್ತ ಒದ್ದೆ ಸೀರೆ ಕಾಲಿಗೆ ಅಂಟಿ, ಬಿಟ್ಟು, ಅಂಟುವುದನ್ನು ನೋಡುತ್ತಿದ್ದಳು. ಕಾಲು ಎತ್ತಿ ಇಡುವುದು, ಮತ್ತೆ ಎತ್ತಿ ಇಡುವುದು. ಹೀಗೆ ಇನ್ನೂ ಎಷ್ಟು ಹೊತ್ತಾದರೂ ನಡೆಯಬಹುದು ಅನಿಸಿತು ಅವಳಿಗೆ. ಮನೆಯಲ್ಲೂ ಹೀಗೆಯೇ ನಡೆಯುತ್ತಿದ್ದಳು.

ಮಹಾದೇವಮ್ಮ ಎಡವಿದಳು. ಸಾವರಿಸಿಕೊಂಡು ನಾಲ್ಕು ಹೆಜ್ಜೆ ಹೋಗಿ, ಏನೂ ಇಲ್ಲದ ಕಡೆ ಮತ್ತೆ ಎಡವಿದಳು.

"ಕೂತ್ಕೊಳ್ತೀರಾ ಅತ್ತೆ?"

"ನಂಗೇ... ನಂಗೇನಾಗದೆ." ಮಾತು ದಪ್ಪಗೆ, ಬಾಯಲ್ಲಿ ಅನ್ನ ಇಟ್ಟುಕೊಂಡು ಆಡಿದ ಹಾಗೆ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು. ಸೆರಗು ತಲೆಯಿಂದ ಜಾರಿತ್ತು. ಅದನ್ನು ಎಳೆದುಕೊಳ್ಳಲು ಹೋದ ಬೆರಳುಗಳು ಸೆರಗನ್ನು ಹಿಡಿಯಲಾರದೆ ಗಾಳಿಯಲ್ಲಿ ಆಡಿ ಕೆಳಗೆ ಬಂದವು. ಬಿಳಿಗೂದಲು ಹಣೆಗೆ ಅಂಟಿ, ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ತುಟಿ ನೇರಳೆ ಬಣ್ಣವಾಗಿತ್ತು.

ಮಧುಶ್ರೀ ನಿಂತುಬಿಟ್ಟಳು. ಬರೀ ನಡುಗುತ್ತಿದ್ದರೆ ಬಿಸಿ ಮಾಡಿ ಮುಂದೆ ಹೋಗಬಹುದು ಮಧು, ಎಂದಿದ್ದ ಬಸವೇಶ, ಮಂಚದ ಮೇಲೆ ಕೂತು ಷೂ ದಾರ ಪೋಣಿಸುತ್ತ. ಮಾತು ತೊದಲಿದರೆ, ಎಡವಿದರೆ, ನನಗೇನೂ ಆಗಿಲ್ಲ ಅಂದರೆ, ಅಲ್ಲಿಗೆ ಮುಗಿಯಿತು, ಇಳಿಯಬೇಕು. ಆಗ ಅವಳು ಹೂಂ ಅಂದಿದ್ದಳು. ಯಾಕೋ ನಕ್ಕೂ ಇದ್ದಳು.

"ರಾಜಣ್ಣ!"

ಮಂಜಿನೊಳಗಿಂದ ರಾಜಣ್ಣ ವಾಪಸ್ಸು ಬಂದ. "ಯಾಕಕ್ಕ? ಇನ್ನೇನು ಬಂದೇ ಬುಟ್ವು. ಆ ದಿಣ್ಣೆ ಅತ್ತುದ್ರೆ ತುದಿ. ಮುಟ್ಕಂಡು ಓಡ್ಬಂದ್ಬುಡವ. ಇಷ್ಟು ದೂರ ಬಂದು ಅರ್ಧಕ್ಕೆ ತಿರಿಕ್ಕಂಡ್ರೆ ಒಳ್ಳೇದಲ್ಲ."

"ಓಗವ" ಎಂದಳು ಮಹಾದೇವಮ್ಮ. "ನಡಿ ಮಗ."

"ಬೇಡ."

ಮಾತು ಜೋರಾಗಿಯೇ ಬಂದಿತ್ತು. ರಾಜಣ್ಣ ಅವಳ ಮುಖ ನೋಡಿದ. ಮಧುಶ್ರೀಗೂ ಅದನ್ನು ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು.

"ಬೇಡ. ಇಳೀಬೇಕು. ಮೊದ್ಲು ಎಲ್ಲಾದ್ರೂ ಮರೆ ತೋರ್ಸು."

ಸ್ವಲ್ಪ ಕೆಳಗೆ, ಒಂದಕ್ಕೊಂದು ಒರಗಿದ ಎರಡು ಬಂಡೆಗಳ ನಡುವೆ ಗಾಳಿ ಬೀಸದ ಜಾಗವಿತ್ತು. ಅಲ್ಲಿ ಅತ್ತೆಯನ್ನು ಕೂರಿಸಿ, ಸ್ವೆಟರಿಗಾಗಿ ಮಧುಶ್ರೀ ಆ ಚಿಕ್ಕ ಬ್ಯಾಗಿನ ಜಿಪ್ಪು ಎಳೆದಳು. ಸ್ವೆಟರ್ ಇರಲಿಲ್ಲ. ಶಾಲು ಇರಲಿಲ್ಲ. ರೈನ್‌ಕೋಟು ಇರಲಿಲ್ಲ. ಕೈಗೆ ತೆಂಗಿನಕಾಯಿ ಸಿಕ್ಕಿತು. ಅದರ ಕೆಳಗೆ ಇನ್ನೊಂದು ತೆಂಗಿನಕಾಯಿ. ಬಾಳೆ ಎಲೆ ಸುತ್ತಿದ ವೀಳ್ಯದೆಲೆ, ಊದುಬತ್ತಿ. ದೊಡ್ಡದೊಂದು ಸ್ಟೀಲ್ ಡಬ್ಬಿ. ಅಡಿಯಲ್ಲಿ ಅಂಗಡಿಯ ಕವರಿನಲ್ಲೇ ಇದ್ದ ಹೊಸ ಬಿಳಿ ಶರ್ಟು, ಕಾಲರಿಗೆ ರಟ್ಟು, ಗುಂಡುಸೂಜಿ ಎಲ್ಲ ಹಾಗೇ.

"ಸ್ವೆಟರ್ ಎಲ್ಲಿ ಅತ್ತೆ?"

"ಮಂಚದ ಕೆಳಗ್ ಮಡುಗ್ದೆ." ಮಹಾದೇವಮ್ಮ ತಪ್ಪು ಮಾಡಿದ ಮಕ್ಕಳ ಹಾಗೆ ನೆಲ ನೋಡಿದಳು. "ಜಾಗ ಆಗ್ನಿಲ್ಲ ಕಣಮ್ಮಿ. ಮ್ಯಾಲೆ ಅವ್ನು ಕುಂತ್ಕತಿದ್ದ ಜಾಗ್ದಲ್ಲಿ ಒಂದು ಎಡೆ ಇಡವ ಅಂತ... ಮನೇಲಿ ಇಟ್ಟುದ್ದು ಅವ್ನಿಗೆ ತಲುಪಿಲ್ಲ. ನಂಗೆ ಗೊತ್ತು, ತಲುಪಿಲ್ಲ."

ಮಧುಶ್ರೀ ನೀಲಿ ಬ್ಯಾಗು ಬಿಚ್ಚಿದಳು. ತನ್ನ ಸ್ವೆಟರ್, ತನ್ನ ಬದಲಿ ಚೂಡಿದಾರ, ಕಾಲುಚೀಲ. ರಾಜಣ್ಣ ತಾನು ಹೊದ್ದಿದ್ದ ಪ್ಲಾಸ್ಟಿಕ್ ಶೀಟನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಮುಖವನ್ನು ಕಣಿವೆಯ ಕಡೆ ತಿರುಗಿಸಿ ನಿಂತ. ಅದರ ಹಿಂದೆ ಮಧುಶ್ರೀ ಅತ್ತೆಯ ಒದ್ದೆ ಸೀರೆ ಬಿಚ್ಚಿದಳು, ರವಿಕೆ ಬಿಚ್ಚಿದಳು. ಅತ್ತೆಯ ಮೈಯನ್ನು ಅವಳು ಎಂದೂ ಹೀಗೆ ನೋಡಿರಲಿಲ್ಲ. ಕೊರಳಿನ ಲಿಂಗದ ಕರಡಿಗೆಯ ಕೆಳಗೆ ಬೆಳ್ಳಗೆ ಸುಕ್ಕುಗಟ್ಟಿದ ಹೊಟ್ಟೆ, ಅದರ ಮೇಲೆ ಹಳೆಯ ಬಸುರಿನ ಗೆರೆಗಳು. ಒರೆಸಲು ಟವೆಲ್ಲಿಗಾಗಿ ತಡಕಿದಳು. ಅದು ಹಳ್ಳದಲ್ಲಿ ಮುಖ ತೊಳೆದಾಗಲೇ ಒದ್ದೆಯಾಗಿತ್ತು. ಅವಳು ಹೊಸ ಶರ್ಟಿನ ಕವರನ್ನು ಹಲ್ಲಿನಿಂದ ಹರಿದಳು. ಸೂಜಿಗಳನ್ನು ಕಿತ್ತಳು.

"ಅಯ್ಯೋ, ಅದು ಅವುಂದು..."

ಮಧುಶ್ರೀ ಆ ಶರ್ಟಿನಿಂದ ಅತ್ತೆಯ ತಲೆ ಒರೆಸಿದಳು, ಕುತ್ತಿಗೆ, ಬೆನ್ನು, ಕಂಕುಳು ಒರೆಸಿದಳು. ಅರಿವೆ ಹೊಸದಾಗಿದ್ದರಿಂದ ಗಂಜಿ ಹೋಗದೆ ನೀರು ಬೇಗ ಹೀರಲಿಲ್ಲ. ಎರಡು ಮೂರು ಸಲ ಒರೆಸಬೇಕಾಯಿತು. ಅರವತ್ತು ವರ್ಷ ಸೀರೆಯನ್ನಲ್ಲದೆ ಇನ್ನೊಂದನ್ನು ಉಡದ ಕಾಲುಗಳನ್ನು ಒಂದೊಂದಾಗಿ ಚೂಡಿದಾರದ ಪ್ಯಾಂಟಿನೊಳಗೆ ತೂರಿಸಿ, ಲಾಡಿ ಕಟ್ಟಿ, ಸ್ವೆಟರ್ ಇಳಿಸಿ, ಮೇಲೆ ತನ್ನ ರೈನ್‌ಕೋಟನ್ನೇ ಹಾಕಿದಳು. ತನ್ನ ಉಣ್ಣೆಯ ಕೈಗವಸುಗಳನ್ನು ಬಿಚ್ಚಿ ಅತ್ತೆಯ ಕೈಗೆ ಏರಿಸಿದಳು. ರಾಜಣ್ಣನ ಪ್ಲಾಸ್ಟಿಕ್ ಶೀಟನ್ನು ತಾನು ಹೊದ್ದಳು.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಕಜ್ಜಾಯ. ಒಂದರ ಮೇಲೊಂದು ಒತ್ತಾಗಿ ಜೋಡಿಸಿದ, ಎಳ್ಳು ಮೆತ್ತಿದ ಕಜ್ಜಾಯ. ಎರಡು ದಿನದ ಹಿಂದೆ ಅತ್ತೆ ಒಲೆಯ ಮುಂದೆ ಕೂತು ಇವನ್ನು ಕರಿದದ್ದು ಮಧುಶ್ರೀ ನೋಡಿದ್ದಳು. ಯಾರಿಗೆ ಎಂದು ಕೇಳಿರಲಿಲ್ಲ. ಒಂದನ್ನು ಮುರಿದು ಅತ್ತೆಯ ಬಾಯಿಯ ಹತ್ತಿರ ಹಿಡಿದಳು.

ಮಹಾದೇವಮ್ಮ ಮುಖ ತಿರುಗಿಸಿದಳು. "ಎಡೇದು ಕಣಮ್ಮಿ ಅದು. ಇಡಕ್ ಮುಂಚೆ ಎಂಜ್ಲು ಮಾಡ್ಬಾರ್ದು. ಅವುನ್ಗೆ ಮಾಡುದ್ದು."

"ತಿನ್ನಿ."

"ನಾನೆಂಗ್ ತಿನ್ಲಿ? ಅವ್ನ ಪಾಲ್ನ ನಾನೆಂಗ್ ತಿನ್ಲಿ ಏಳು."

"ಬೆಲ್ಲ ಒಳಗೆ ಹೋದ್ರೇನೇ ಮೈ ಬಿಸಿ ಆಗದು. ಇಲ್ದಿದ್ರೆ ನೀವು ಇಳಿಯಲ್ಲ. ನಾನು ನಿಮ್ಮನ್ನ ಹೊರಕ್ಕಾಗಲ್ಲ ಅತ್ತೆ, ರಾಜಣ್ಣನ ಕೈಲೂ ಆಗಲ್ಲ. ಬಾಯಿ ತೆಗೀರಿ."

ಮಹಾದೇವಮ್ಮ ಸೊಸೆಯನ್ನೇ ನೋಡುತ್ತಿದ್ದಳು. ಮಧುಶ್ರೀ ಕೈ ಹಿಂದಕ್ಕೆ ತೆಗೆಯಲಿಲ್ಲ. ಗಾಳಿ ಬಂಡೆಯ ಮೇಲಿಂದ ಶಿಳ್ಳೆ ಹಾಕುತ್ತ ಹೋಯಿತು. ತುಂಬ ಹೊತ್ತಾದ ಮೇಲೆ ಅತ್ತೆಯ ಬಾಯಿ ಸ್ವಲ್ಪವೇ ತೆರೆದುಕೊಂಡಿತು. ತುಂಡು ಒಳಗೆ ಹೋಯಿತು. ಅವಳು ಅಗಿಯಲಿಲ್ಲ. ಕೆನ್ನೆಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ದವಡೆ ನಿಧಾನವಾಗಿ ಆಡತೊಡಗಿತು. ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಬಾಯಿಯ ಅಂಚಿಗೆ ಬಂತು. ಅದರ ಸಮೇತ ನುಂಗಿದಳು.

ಎರಡನೆಯ ತುಂಡನ್ನೂ ಮಧುಶ್ರೀಯೇ ಹಾಕಿದಳು. ಮೂರನೆಯದಕ್ಕೆ ಮಹಾದೇವಮ್ಮ ತಾನೇ ಕೈ ಚಾಚಿದಳು.

"ಅವುನ್ಗೂ ಕೊಡು" ಎಂದಳು ಸ್ವಲ್ಪ ಹೊತ್ತಿನ ಮೇಲೆ, ರಾಜಣ್ಣನ ಕಡೆ ಗಲ್ಲ ಎತ್ತಿ. "ನೀನೂ ತಿನ್ನು."

ಮಧುಶ್ರೀ ತಿಂದಳು. ಚಳಿಗೆ ಗಟ್ಟಿಯಾಗಿತ್ತು, ಅಗಿಯಲು ಹೊತ್ತು ಹಿಡಿಯಿತು.

ಮೂವರೂ ಬಂಡೆಗಳ ನಡುವೆ ಒತ್ತಿಕೊಂಡು ಕೂತಿದ್ದಾಗ ಮಹಾದೇವಮ್ಮನ ಮಾತು ಮೆಲ್ಲನೆ ತಿರುಗಿ ಬಂತು. ನಡುಕ ಇನ್ನೂ ಇತ್ತು. "ಮ್ಯಾಲೆ ಏನದೆ ರಾಜಣ್ಣ?"

"ಒಂದು ಚಪ್ಪಡಿ ಕಲ್ಲು ಅವ್ವ. ಮೋಡ ಇಲ್ದೆ ಓದ್ರೆ ಪಾಲಾರ್ ಕಡೆ ಬೆಟ್ಟ ಎಲ್ಲ ಕಾಣ್ತವೆ. ದೂರ್ದಲ್ಲಿ ಕಾವೇರಿ ಗೆರೆ ಎಳ್ದಂಗೆ ಕಾಣ್ತದೆ."

"ಅಲ್ಲಿ ಏನ್ ಮಾಡವ್ನು?"

"ಕುಂತಿರೋರು."

"ಸುಮ್ನೆಯಾ?"

"ಸುಮ್ನೆ. ಮಾತಾಡ್ಸುದ್ರೆ ಕೈ ಸನ್ನೆ ಮಾಡೋರು, ಇರು ಅಂತ."

"ಅಷ್ಟೆಯಾ?"

"ಅಷ್ಟೆ ಅವ್ವ."

ಮಹಾದೇವಮ್ಮ ಮೇಲೆ, ದಿಣ್ಣೆ ಇರಬೇಕಾದ ಕಡೆ ನೋಡಿದಳು. ಅಲ್ಲಿ ಬಿಳುಪಿನ ಹೊರತು ಏನೂ ಇರಲಿಲ್ಲ. ಅವಳು ಒಂದು ತೆಂಗಿನಕಾಯಿಯನ್ನು ಎತ್ತಿ, ಜುಟ್ಟು ಆ ಕಡೆಗೆ ಮಾಡಿ, ಬಂಡೆಯ ಸಂದಿನಲ್ಲಿ ಉರುಳದ ಹಾಗೆ ಇಟ್ಟಳು. ಇನ್ನೊಂದನ್ನೂ ಪಕ್ಕದಲ್ಲಿ ಇಟ್ಟಳು. ಕೈಮುಗಿಯಲಿಲ್ಲ. "ಎತ್ತು ನನ್ನ" ಎಂದಳು ಸೊಸೆಗೆ.

ಇಳಿಯುವುದು ಹತ್ತುವುದಕ್ಕಿಂತ ನಿಧಾನವಾಯಿತು. ರಾಜಣ್ಣ ಒಂದು ತೋಳು, ಮಧುಶ್ರೀ ಒಂದು ತೋಳು ಹಿಡಿದಿದ್ದರು. ಬಿದಿರಿನ ಕಾಡು ಸೇರಿದ ಮೇಲೆ ಗಾಳಿ ನಿಂತಿತು, ಹನಿ ಮಾತ್ರ ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ಹಳ್ಳದ ಹತ್ತಿರ ಫೋನಿಗೆ ಎರಡು ಗೆರೆ ಸಿಗ್ನಲ್ ಬಂತು. ಮಧುಶ್ರೀ ಮಾವನ ಹೆಸರು ಒತ್ತಲು ನೋಡಿದಳು. ಬೆರಳು ಗಾಜಿನ ಮೇಲೆ ಬಿದ್ದದ್ದೇ ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು. ಕೊನೆಗೆ ರಾಜಣ್ಣನೇ ಒತ್ತಿ ಅವಳ ಕಿವಿಗೆ ಹಿಡಿದ.

ಒಂದೇ ರಿಂಗಿಗೆ ಕೆಂಪನಂಜಪ್ಪ ಎತ್ತಿದ. ಹಿಂದೆ ಟಿವಿಯ ಸದ್ದು ಇರಲಿಲ್ಲ.

"ಎಲ್ಲಿದ್ದೀರವ್ವ?"

"ಇಳೀತಾ ಇದ್ದೀವಿ ಮಾವ. ತುದಿಗೆ ಹೋಗ್ಲಿಲ್ಲ. ವಾಪಸ್ ಬಂದ್ವಿ."

"ಒಳ್ಳೇದಾಯ್ತು" ಎಂದ. "ಅವ್ಳು ಎಂಗವ್ಳೆ?"

"ಚೂಡಿದಾರ ಹಾಕ್ಕೊಂಡವ್ರೆ."

ಫೋನಿನಲ್ಲಿ ಒಂದು ಸದ್ದು ಬಂತು. ಕೆಮ್ಮಿರಬಹುದು. "ಉಸಾರಾಗಿ ಬನ್ನಿ" ಎಂದು ಇಟ್ಟ.

ಕಾರೆದೊಡ್ಡಿ ತಲುಪಿದಾಗ ಇನ್ನೂ ಬೆಳಕಿತ್ತು. ಜೀಪು ಬರುವುದು ತಡ ಎಂದು ರಾಜಣ್ಣ ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ರೂಪ ಚೂಡಿದಾರದ ಮುದುಕಿಯನ್ನು ಕಂಡು ಬಂದ ನಗುವನ್ನು ನುಂಗಿ, ಒಲೆಯ ಪಕ್ಕ ಚಾಪೆ ಹಾಕಿ, ಎರಡು ಕೊರಡು ಹೆಚ್ಚಿಗೆ ತುರುಕಿದಳು. ಟೀಗೆ ನೀರಿಡುವ ಮುಂಚೆ ಒಂದು ಗಳಿಗೆ ತಡೆದು ಮಹಾದೇವಮ್ಮನನ್ನು ಕೇಳಿದಳು.

"ನಮ್ಮನೇಲಿ ಕುಡ್ದೀರಾ ಅವ್ವ?"

"ಕಾಸವ್ವ" ಎಂದಳು ಮಹಾದೇವಮ್ಮ. "ಬೆಲ್ಲ ಜಾಸ್ತಿ ಆಕು."

ಅವಳು ಎರಡು ಲೋಟ ಕುಡಿದಳು. ಮುಖಕ್ಕೆ ಬಣ್ಣ ಬಂದಿತ್ತು. ಮಧುಶ್ರೀ ತನಗೆ ಕೊಟ್ಟ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸ್ಟೀಲ್ ಲೋಟ, ಹಬೆ ಏಳುತ್ತಿತ್ತು. ಬಿಸಿ ತಿಳಿಯಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದಳು. ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು, ಯಾರದೋ ಬೆರಳುಗಳ ಹಾಗೆ ಲೋಟದ ಸುತ್ತ ಇದ್ದವು. ಅದನ್ನು ಮೊದಲು ನೋಡಿದ್ದು ರೂಪ.

"ಅಕ್ಕ, ಸುಡ್ತದೆ! ಬುಡಿ ಅದ!"

ಲೋಟ ಕೆಳಗೆ ಬಿತ್ತು. ಟೀ ಸಗಣಿ ಸಾರಿಸಿದ ನೆಲದ ಮೇಲೆ ಹರಿದು ಒಲೆಯ ಕಡೆ ಹೋಯಿತು. ಮಧುಶ್ರೀ ಕೆಂಪಾಗುತ್ತಿದ್ದ ಅಂಗೈಗಳನ್ನು ನೋಡಿದಳು.

"ಗೊತ್ತಾಗ್ನಿಲ್ವಾ?" ಎಂದಳು ಮಹಾದೇವಮ್ಮ.

"ಇಲ್ಲ ಅತ್ತೆ."

ಮಹಾದೇವಮ್ಮ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಳು. ಸೊಸೆಯ ಎರಡೂ ಕೈಗಳನ್ನು ಎಳೆದು, ತನ್ನ ಸ್ವೆಟರಿನ ಅಂಚನ್ನು ಎತ್ತಿ ಒಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡು, ಮೇಲಿನಿಂದ ತನ್ನ ಅಂಗೈ ಒತ್ತಿದಳು. ಬಾಗಿಲಾಚೆ ಕಟ್ಟಿದ್ದ ಹಸುವನ್ನು ನೋಡುತ್ತ ಕೂತಳು.

ಮೊದಲು ಏನೂ ಇರಲಿಲ್ಲ. ಆಮೇಲೆ ಹೆಬ್ಬೆರಳ ಬುಡದಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಚುಚ್ಚುವುದು ತೋರುಬೆರಳಿಗೆ ಹರಿಯಿತು, ನಡುಬೆರಳಿಗೆ ಹರಿಯಿತು. ಮಧುಶ್ರೀ "ಸ್ಸ್" ಎಂದು ಕೈ ಎಳೆದುಕೊಳ್ಳಲು ಹೋದಳು.

"ಇರು" ಎಂದಳು ಮ​ಹಾದೇವಮ್ಮ, ಬಿಡದೆ. "ನೋವಾಯ್ತದೆ. ಇರು." ಮತ್ತೆ ಹಸುವಿನ ಕಡೆ ಗಲ್ಲ ಎತ್ತಿ ರೂಪಳನ್ನು ಕೇಳಿದಳು, "ಎಷ್ಟನೇ ಸೂಲವ್ವ ಇದು?"

"ಎರಡ್ನೇದು ಕಣವ್ವ."

"ಆಲು ಎಂಗೆ?"

"ಮನೆಮಟ್ಟಿಗೆ ಆಯ್ತದೆ. ಚಳಿಗೆ ಒಂಚೂರು ಕಮ್ಮಿ ಮಾಡ್ಕಂಡದೆ."

"ರಾಗಿ ಅಂಬಲಿ ಕುಡ್ಸು, ಬೆಚ್ಚಗೆ ಮಾಡಿ."

ರೂಪ ಬಿದ್ದ ಲೋಟವನ್ನು ಎತ್ತಿಕೊಂಡು ಇನ್ನೊಂದಿಷ್ಟು ನೀರು ಕಾಯಲು ಇಟ್ಟಳು. ಹೊರಗೆ ಹಸು ಒದ್ದೆ ಮೈ ಕೊಡವಿತು. ಉಂಗುರ ಬೆರಳಿಗೂ ನೋವು ಬಂದಿತ್ತು. ಕಿರುಬೆರಳೊಂದು ಮಾತ್ರ ಇನ್ನೂ ಏನೂ ಅರಿಯದೆ, ಅತ್ತೆಯ ಹೊಟ್ಟೆಯ ಮೇಲೆ ತಣ್ಣಗೆ ಮಲಗಿತ್ತು.